ಹೊನ್ನಾಳಿಯಲ್ಲಿ ಕಳೆದ ಮೂರು ದಿನ

ಯಾರ ಮನೆಗೆ ಊಟಕ್ಕೆ ಹೋದರೂ ಮೊದಲ ತುತ್ತನ್ನು ನಾನು ತಕ್ಷಣ ನುಂಗುವುದಿಲ್ಲ. ನಾಲಿಗೆಯ ಮೇಲೆ ಅರೆಗಳಿಗೆ ಇಟ್ಟುಕೊಂಡು, ಉಪ್ಪು ಹುಳಿಗಳ ಆಚೆಗೆ ಇನ್ನೇನಾದರೂ ಇದೆಯೇ ಎಂದು ವಿಚಾರಣೆ ನಡೆಸಿ, ಆಮೇಲೆ ಒಳಕ್ಕೆ ಬಿಡುತ್ತೇನೆ. ಮದುವೆಯಾದ ಹೊಸದರಲ್ಲೇ ನನ್ನ ಹೆಂಡತಿ ಇದನ್ನು ಗಮನಿಸಿದಳು. “ನಿಮ್ಮ ತಾಯಿ ಮಾಡಿದ್ದನ್ನೂ ಹಿಂಗೇ ತಿಂತಿದ್ರಾ?” ಎಂದು ಕೇಳಿದಳು. ತಾಯಿ ಮಾಡಿದ್ದನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಇಟ್ಟುಕೊಳ್ಳುತ್ತಿದ್ದೆ. ಪಾಯಸದಲ್ಲಿ ಹರಳೆಣ್ಣೆ ಬೆರೆಸಿ ಕುಡಿಸುವುದರಲ್ಲಿ ಆಕೆಯನ್ನು ಮೀರಿಸುವವರು ಚನ್ನಗಿರಿಯಲ್ಲೇ ಇರಲಿಲ್ಲ.

ನಮ್ಮದು ಅನುಮಾನದ ಮನೆತನ. ಹಾಲು ಹಾಕುವವನು ಬಂದರೆ ನಮ್ಮಪ್ಪ ಮೊದಲು ಅವನಿಗೇ ಒಂದು ಗುಟುಕು ಕುಡಿಸುತ್ತಿದ್ದರು. ಅವನು ಕುಡಿದರೆ, ಇಷ್ಟು ಸಲೀಸಾಗಿ ಕುಡಿದನಲ್ಲ, ಇದರಲ್ಲೇನೋ ಇದೆ ಎನ್ನುತ್ತಿದ್ದರು. ಅಜ್ಜಿಯಂತೂ ದೇವರ ಗೂಡಿಗೇ ಬೀಗ ಹಾಕುತ್ತಿದ್ದಳು. ಬೆಳಿಗ್ಗೆ ಪೂಜೆ, ದೀಪ, ನೈವೇದ್ಯ. ಅದು ಮುಗಿದ ಕೂಡಲೆ ಗೂಡಿನ ಬಾಗಿಲು ಮುಚ್ಚಿ ಬೀಗ. ಒಳಗೆ ಇದ್ದದ್ದು ಒಂದು ಕಲ್ಲಿನ ಬಸವಣ್ಣ, ಒಂದು ತಾಮ್ರದ ಗಿಂಡಿ. ಕದಿಯುವವನಿಗೂ ನಾಚಿಕೆಯಾಗುವಂಥ ಆಸ್ತಿ. “ಕಳ್ಳರ ಭಯನಾ ಅಜ್ಜಿ?” ಎಂದು ಒಮ್ಮೆ ಕೇಳಿದೆ.

“ಕಳ್ರು ಒಳಗೆ ಬರ್ತಾರೆ ಅಂತ ಅಲ್ಲೋ, ದೇವ್ರು ಹೊರಗೆ ಹೋಗ್ತಾನೆ ಅಂತ. ಆಚೆ ಮನೆ ರುದ್ರಮ್ಮನ ಎಮ್ಮೆ ಎರಡು ಹೊತ್ತೂ ಆ ಪಾಟಿ ಹಾಲು ಕೊಡಾಕೆ ಯಾರು ಕಾರಣ ಅಂದ್ಕಂಡೀಯ? ಪೂಜೆ ನಮ್ಮದು, ಹಾಲು ಅವಳದ್ದು!”

ರುದ್ರಮ್ಮನಿಗೂ ಅಜ್ಜಿಗೂ ಹಿತ್ತಲ ಬೇಲಿಯ ವಿಷಯಕ್ಕೆ ಇಪ್ಪತ್ತು ವರ್ಷಗಳಿಂದ ಮಾತಿರಲಿಲ್ಲ. ಅಜ್ಜಿ ತೀರಿಕೊಂಡಾಗಲೂ ಆ ಬೀಗದ ಕೈ ಸೊಂಟದಲ್ಲೇ ಇತ್ತು. ಎಮ್ಮೆ ಮಾತ್ರ ಹಾಲು ಕಡಿಮೆ ಮಾಡಲಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದವನಿಗೆ ದೊರೆತ ನೌಕರಿಯೂ ಹೇಳಿ ಮಾಡಿಸಿದಂತಿತ್ತು. ದೇವಿ ಹಾಕುವುದು ನನ್ನ ಕೆಲಸ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ಸಿಡುಬನ್ನು ಹಳ್ಳಿಯಲ್ಲಿ ಯಾರೂ ಸಿಡುಬು ಎನ್ನುತ್ತಿರಲಿಲ್ಲ, ಅಮ್ಮ ಎನ್ನುತ್ತಿದ್ದರು. ಅಮ್ಮ ಬರುತ್ತಾಳೆ, ಇರುತ್ತಾಳೆ, ಇಳಿಯುತ್ತಾಳೆ. ಕೆಲವರನ್ನು ಕರೆದುಕೊಂಡೇ ಹೋಗುತ್ತಾಳೆ. ಅವಳು ಬಾರದ ಹಾಗೆ ತೋಳಿನ ಮೇಲೆ ಔಷಧದ ಒಂದು ತೊಟ್ಟು ಇಟ್ಟು, ಮುಳ್ಳಿನ ಸಣ್ಣ ಬಿಲ್ಲೆಯಿಂದ ಗೀರುತ್ತಿದ್ದೆವು. ಅದಕ್ಕೂ ಜನ ಇಟ್ಟ ಹೆಸರು ದೇವಿ ಹಾಕುವುದು. ರೋಗವೂ ಅವಳೇ, ಮದ್ದೂ ಅವಳೇ. ನಡುವೆ ಖಾಕಿ ಚೀಲ ಹೊತ್ತ ನಾನೊಬ್ಬ. ನನ್ನನ್ನು ಕಂಡರೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಓಡುತ್ತಿದ್ದರು. ಜನರಿಗೆ ನನ್ನ ಮೇಲೆ ಅನುಮಾನ, ನನಗೆ ಜನರ ಮೇಲೆ. ಹೀಗೆ ಎರಡು ಕಡೆಯೂ ಸಮವಾಗಿ ಸಂಸಾರ ಸಾಗುತ್ತಿತ್ತು.

ಮೊದಲ ನೇಮಕ ಜಗಳೂರು ಕಡೆಗೆ. ಅಲ್ಲಿಯ ಒಂದು ಊರಿನ ಹೆಸರನ್ನು ನಾನು ಹೇಳುವುದಿಲ್ಲ, ಗುಡ್ಡದ ಹಿಂದಿನ ಊರು ಎಂದರೆ ಸಾಕು. ನಾನು ಆ ಊರು ಹೊಕ್ಕ ದಿನ ಬೀದಿಯಲ್ಲಿ ಒಂದು ಮಗುವೂ ಇರಲಿಲ್ಲ. “ಈ ಊರಾಗೆ ಮಕ್ಳೇ ಇಲ್ರೀ,” ಎಂದ ಒಬ್ಬ ಯಜಮಾನ. ಅವನ ಬೆನ್ನ ಹಿಂದೆ ಪಡಸಾಲೆಯಲ್ಲಿ ಎರಡು ತೊಟ್ಟಿಲು ತೂಗುತ್ತಿದ್ದವು. ಕಾಳು ತುಂಬುವ ನೆಲದ ಗುಂಡಿಯೊಳಗಿಂದ ಯಾವುದೋ ಕೂಸು ಸೀನಿತು. ಕೊನೆಗೆ ಬಾವಿಯ ಹತ್ತಿರ ಒಬ್ಬಳು ಸೊಸೆಯನ್ನು ಒಪ್ಪಿಸಿ ಅವಳ ತೋಳು ಹಿಡಿದೆ. ಅವಳು ಮುಳ್ಳು ಕಂಡು ಎಳೆದುಕೊಂಡಳು. ನಾನು ಬಿಡಲಿಲ್ಲ. ಅವಳು ಕೂಗಿದಳು. ಆಮೇಲೆ ನಡೆದದ್ದು ನನಗೆ ಸಾಲಾಗಿ ನೆನಪಿಲ್ಲ. ತಲೆಯ ಮೇಲೆ ಒಂದು ಮಡಕೆ ಮುಸುರೆ ನೀರು ಬಿತ್ತು, ಚೀಲ ಹೋಯಿತು, ಔಷಧದ ಗಾಜಿನ ಕೊಳವೆಗಳು ಕಲ್ಲಿನ ಮೇಲೆ ಪಟಪಟನೆ ಒಡೆದವು.

ಇಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದೆನೇನೋ. ಆ ಊರಿನಲ್ಲಿ ಬೆಲ್ಲ, ಬೀಡಿ, ಸೀಮೆಎಣ್ಣೆ ಮಾರುವ ಒಂದು ಅಂಗಡಿ ಇತ್ತು. ಅಂಗಡಿಯ ಗುರುಶಾಂತಪ್ಪ ಊರಿಗೆಲ್ಲ ಅಕ್ಷರ ಬಲ್ಲವನು. ಅವನು ಮೇಲಿನವರಿಗೆ ಒಂದು ಅರ್ಜಿ ಬರೆದ. ದೇವಿ ಹಾಕುವ ನೆಪದಲ್ಲಿ ಬಂದವನು ಹೆಂಗಸರ ಕೈ ಹಿಡಿದು ಎಳೆಯುತ್ತಾನೆ ಎಂದು. ಕೆಳಗೆ ಇಡೀ ಊರಿನ ಹೆಬ್ಬೆಟ್ಟು. ನನ್ನನ್ನು ಕರೆಸಿದರು.

“ಕೈ ಹಿಡಿದೆಯಾ?”

“ಹಿಡಿದೆ ಸಾರ್. ಹಿಡಿಯದೆ ಹಾಕುವುದು ಹೇಗೆ?”

“ಎಳೆದೆಯಾ?”

“ಅವರು ಎಳೆದುಕೊಂಡರು ಸಾರ್. ನಾನು ಬಿಡಲಿಲ್ಲ.”

ಇಷ್ಟು ಪ್ರಾಮಾಣಿಕವಾಗಿ ಯಾರೂ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿರಲಾರರು. ಕೆಲವು ತಿಂಗಳು ಮನೆಯಲ್ಲಿ ಕೂರಿಸಿ, ಆಮೇಲೆ ನ್ಯಾಮತಿಗೆ ಹಾಕಿದರು. ಅಷ್ಟರಲ್ಲಿ ಸುದ್ದಿ ಸಂತೇಬೆನ್ನೂರಿಗೆ ಹೋಗಿತ್ತು. ಅಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಹುಡುಗಿ ಕಾಫಿ ಲೋಟ ಇಡುವಾಗ ಒಂದೇ ಸಲ ಮುಖ ಎತ್ತಿ ನೋಡಿದ್ದಳು. ಆ ನೋಟವನ್ನು ನಾನು ತಿಂಗಳುಗಟ್ಟಲೆ ಜೋಪಾನ ಮಾಡಿದ್ದೆ. ಅವಳ ತಂದೆ ನಮ್ಮ ಪಡಸಾಲೆಗೆ ಬಂದು, ತಾಂಬೂಲವನ್ನು ಹಿಂದಕ್ಕೆ ಇಟ್ಟು, “ಬ್ಯಾಡ್ರೀ, ಊರೂರು ತಿರುಗಿ ಹೆಂಗಸ್ರ ಕೈ ಹಿಡಿಯೋ ನೌಕರಿಯೋರಿಗೆ ನಾವು ಕೊಡಾಕೆ ಆಗಲ್ಲ,” ಎಂದರು. ನಮ್ಮಪ್ಪ ನನ್ನ ಕಡೆ ಒಮ್ಮೆ ನೋಡಿದರು. ಹಾಲಿನವನನ್ನು ನೋಡುವ ಹಾಗೆಯೇ ನೋಡಿದರು. ಅದು ನನ್ನನ್ನು ಬಹಳ ದಿನ ಬಿಡಲಿಲ್ಲ.

ನ್ಯಾಮತಿಯಲ್ಲಿ ನನ್ನ ಬಾಡಿಗೆ ಕೋಣೆಯ ದಾರಿಯಲ್ಲೇ ಅಮ್ಮನ ಒಂದು ಸಣ್ಣ ಗುಡಿ. ಮಂಗಳವಾರ, ಶುಕ್ರವಾರ ಅದರ ಮುಂದೆ ಚಪ್ಪಲಿ ಬಿಟ್ಟು, ಕೈ ಮುಗಿದು, ಒಂದೇ ಮಾತು ಹೇಳುತ್ತಿದ್ದೆ: “ತಾಯಿ, ಗುಡ್ಡದ ಹಿಂದಿನ ಊರನ್ನು ಮರೆಯಬೇಡ.” ಕೇಳಿದವರಿಗೆ ಎಷ್ಟು ಒಳ್ಳೆಯ ಪ್ರಾರ್ಥನೆ! ಒಳಗಿನ ಅರ್ಥ ನನಗೂ ಅವಳಿಗೂ ಗೊತ್ತಿತ್ತು.

ಎರಡು ವರ್ಷ ಹೀಗೆ ನಡೆಯಿತು. ಯುದ್ಧದ ಕಾಲ, ಪೆಟ್ರೋಲು ಇಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಾಡುತ್ತಿದ್ದವು. ಒಂದು ಮಂಗಳವಾರ ಬೆಳಿಗ್ಗೆ ಕಾಗದ ಬಂತು. ಜಗಳೂರು ಕಡೆ ಅಮ್ಮ ಕಾಣಿಸಿಕೊಂಡಿದ್ದಾಳೆ, ಅಲ್ಲಿ ಜನ ಸಾಲದು, ಆ ಭಾಗದ ಹಳ್ಳಿಗಳನ್ನು ಬಲ್ಲವನು ನೀನು, ಔಷಧ ತೆಗೆದುಕೊಂಡು ಕೂಡಲೆ ಹೊರಡು ಎಂದು. ಹಳ್ಳಿಯ ಹೆಸರೂ ಇತ್ತು. ಗುಡ್ಡದ ಹಿಂದಿನದೇ.

ಕೇಳಿಸಿಕೊಂಡುಬಿಟ್ಟಳೇ ಎಂದು ಮೈ ಜುಮ್ಮೆಂದಿತು. ಆ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷ. ಇದನ್ನು ಬರೆಯುವುದಕ್ಕೆ ಈ ವಯಸ್ಸಿನಲ್ಲೂ ಕೈ ಹಿಂಜರಿಯುತ್ತದೆ, ಆದರೆ ಆದದ್ದು ಅದೇ.

ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಇಳಿದು ಬೇರೆ ಬಸ್ಸಿಗೆ ಹೋಗಬೇಕಿತ್ತು. ಆ ಬಸ್ಸು ಬಂತು, ಕಂಡಕ್ಟರು ಊರುಗಳ ಹೆಸರು ಹಿಡಿದು ಕೂಗಿದ, ಇದ್ದಿಲಿನ ಹೊಗೆ ನನ್ನ ಮುಖಕ್ಕೇ ಹೊಡೆಯಿತು. ನಾನು ಹತ್ತಲಿಲ್ಲ. ಚೀಲ ಹೆಗಲಿಗೇರಿಸಿ ಹೊಳೆಯ ಕಡೆಯ ಬೀದಿಯಲ್ಲಿದ್ದ ನನ್ನ ಅಕ್ಕ ಪಾರ್ವತಮ್ಮನ ಮನೆಗೆ ನಡೆದೆ. ದಾರಿಯಲ್ಲಿ ಜ್ವರ ಬಂತು, ಎರಡು ದಿನ ಮಲಗಿ ಹೋಗುತ್ತೇನೆ ಎಂದೆ.

ಮಂಗಳವಾರ ಮಲಗಿದೆ, ಬುಧವಾರ ಮಲಗಿದೆ, ಗುರುವಾರವೂ ಮಲಗಿದೆ. ಅಕ್ಕ ಗಂಜಿ ಕೊಟ್ಟಳು, ಮೆಣಸಿನ ಕಷಾಯ ಕೊಟ್ಟಳು. ಒಂದು ಮಾತು ಮಾತ್ರ ನನಗೇ ಅರ್ಥವಾಗಿಲ್ಲ. ಆ ಮೂರು ದಿನವೂ ಔಷಧದ ಕೊಳವೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಚ್ಚಲ ಪಕ್ಕದ ತಂಪು ಮರಳಿನಲ್ಲಿ ಹೂತು, ಗಳಿಗೆಗೊಮ್ಮೆ ಎದ್ದು ನೀರು ಚಿಮುಕಿಸುತ್ತಿದ್ದೆ. ಬಿಸಿಲಿಗೆ ಕೆಡಬಾರದಲ್ಲ! ಹೋಗುವ ಮನಸ್ಸಿಲ್ಲದವನಿಗೆ ಔಷಧ ಕೆಟ್ಟರೇನು, ಉಳಿದರೇನು?

ಜ್ವರದವನು ಗಳಿಗೆಗೊಮ್ಮೆ ಏಳುವುದನ್ನು ಅಕ್ಕ ನೋಡಿದಳು. ಅವಳೂ ನಮ್ಮ ಮನೆಯ ಮಗಳೇ. ಶುಕ್ರವಾರ ಬೆಳಿಗ್ಗೆ ಬಂದು ಹಣೆಯ ಮೇಲೆ ಕೈ ಇಟ್ಟಳು. ಇನ್ನೊಂದು ಕೈಯಲ್ಲಿ ಒಗೆಯಲು ತೆಗೆದ ನನ್ನ ಅಂಗಿ, ಅಂಗಿಯ ಜೇಬಿನ ಕಾಗದ.

“ನಿನ್ನ ಮೈ ನನ್ನ ಮೈಗಿಂತ ತಣ್ಣಗೈತೆ. ಇದರಾಗೆ ಕೂಡಲೆ ಅಂತ ಬರ್ದಾರೆ. ಕೂಡಲೆ ಅಂದ್ರೆ ಎಷ್ಟು ದಿನ ತಮ್ಮಾ?”

ಎಲ್ಲವನ್ನೂ ಹೇಳಿದೆ. ಮುಸುರೆ, ಅರ್ಜಿ, ಹೆಬ್ಬೆಟ್ಟು. ತಾಂಬೂಲ ಹಿಂದಕ್ಕೆ ಬಂದದ್ದು ಅವಳಿಗೆ ಗೊತ್ತೇ ಇತ್ತು. “ಅವ್ರು ಮಾಡಿದ್ದು ಅವ್ರಿಗೆ ಬಂದೈತಕ್ಕಾ. ನಡುವೆ ನಾನ್ಯಾಕೆ ಅಡ್ಡ ಹೋಗ್ಲಿ?”

ಅಕ್ಕ ಕಾಗದವನ್ನು ಮಡಚಿ ನನ್ನ ಕೈಗಿಟ್ಟಳು. “ಅರ್ಜಿಗೆ ಹೆಬ್ಬೆಟ್ಟು ಒತ್ತಿದೋರಾಗೆ ತೊಟ್ಟಿಲ ಕೂಸುಗಳು ಎಷ್ಟಿದ್ವು?” ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಅವಲಕ್ಕಿ ಕಟ್ಟಿದಳು. ಬಸ್ಸಿನವರೆಗೂ ಜೊತೆಗೆ ಬಂದಳು. ನನ್ನ ಮೇಲೆ ಅನುಮಾನ. ಬಸ್ಸು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದಳು.

ಶನಿವಾರ ಇಳಿಹೊತ್ತಿಗೆ ಗುಡ್ಡ ಹತ್ತಿ ಇಳಿದೆ. ಊರವರು ನನ್ನನ್ನು ಓಡಿಸುತ್ತಾರೆ ಎಂಬ ಭರವಸೆ ಇನ್ನೂ ಇತ್ತು. ಓಡಿಸಿದರೆ, ಬೇಡವೆಂದರು ಎಂದು ಬರೆದುಕೊಂಡು ಹಿಂತಿರುಗಬಹುದು. ಯಾರೂ ಓಡಿಸಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅಮ್ಮನ ಬೇವಿನ ಮರದ ಕೆಳಗೆ ಊರಿಗೆ ಊರೇ ಸಾಲು ಕೂತಿದೆ. ತೋಳಿನ ಬಟ್ಟೆ ಮಡಚಿಕೊಂಡು. ಎಲ್ಲರಿಗಿಂತ ಮುಂದೆ ಗೌರಜ್ಜಿ, ಅಮ್ಮನ ಪೂಜೆ ಮಾಡುವ ಮುದುಕಿ. ಎಪ್ಪತ್ತು ದಾಟಿದ ಒಣಗಿದ ತೋಳನ್ನು ನನ್ನ ಮುಂದೆ ಚಾಚಿದಳು.

“ನಿನಗೆ ಯಾಕಜ್ಜಿ ಈ ವಯಸ್ಸಿನಾಗೆ?”

“ಮೊನ್ನೆ ಮೈಮೇಲೆ ಬಂದು ಅಮ್ಮನೇ ಹೇಳ್ಯಾಳೆ, ಎಲ್ರೂ ಹಾಕಿಸ್ಕಳ್ರಿ ಅಂತ. ನಾನು ಹಾಕಿಸ್ಕಳ್ದೆ ಇದ್ರೆ ಈ ಜನ ನಂಬ್ತಾರಾ?”

ಅಮ್ಮ ಹೇಳಿದಳೋ ಅಜ್ಜಿಯೇ ಹೇಳಿದಳೋ ಎಂದು ನಾನು ಅವಳ ಕಣ್ಣು ನೋಡಿದೆ. ಅವಳು ನನಗಿಂತ ಚೆನ್ನಾಗಿ ನನ್ನ ಕಣ್ಣು ನೋಡಿದಳು. ಒಬ್ಬ ತನ್ನ ಎಮ್ಮೆಯನ್ನೂ ಎಳೆದುಕೊಂಡು ಬಂದಿದ್ದ. “ಇದಕ್ಕೂ ಒಂದು ಗೀರು ಹಾಕಿಬಿಡ್ರಿ, ಮನೇಲಿ ಮಿಕ್ಕಿರೋದು ಇದೊಂದೇ,” ಎಂದ. ಬೇಡವೆಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಸಾಲಿನ ಕೊನೆಯಲ್ಲಿ ಗುರುಶಾಂತಪ್ಪ. ಎರಡು ವರ್ಷದಲ್ಲಿ ಬಹಳ ಇಳಿದಿದ್ದ. ತೊಡೆಯ ಮೇಲೆ ಮೂರು ವರ್ಷದ ಮೊಮ್ಮಗಳು ನೀಲಿ. ತಾಯಿ ಇಲ್ಲದ ಮಗು. ಅವಳಿಗೆ ಹಾಕಿದೆ. ಬೇವಿನ ಮರದ ಹಕ್ಕಿಗಳು ಹಾರಿಹೋಗುವಂತೆ ಅತ್ತಳು. ಆಮೇಲೆ ಅವನು ತನ್ನ ತೋಳು ಚಾಚಿ, ಮುಖವನ್ನು ಬೇರೆ ಕಡೆ ತಿರುಗಿಸಿ ಹೇಳಿದ, “ಕೈ ಹಿಡೀರಿ ಡಾಕ್ಟ್ರೇ. ಹಿಡೀದೆ ಹೆಂಗೆ ಹಾಕಾಕೆ ಆಗ್ತೈತೆ?”

ಹಂಗಿಸುತ್ತಿದ್ದಾನೋ, ತಪ್ಪು ಒಪ್ಪಿಕೊಳ್ಳುತ್ತಿದ್ದಾನೋ ತಿಳಿಯಲಿಲ್ಲ. ಹಿಡಿದೆ. ಸ್ವಲ್ಪ ಗಟ್ಟಿಯಾಗಿಯೇ ಹಿಡಿದೆ.

ಕೆಲಸ ಮುಗಿಯಿತು, ಅನುಮಾನ ಮುಗಿಯಲಿಲ್ಲ. ಈ ಜನ ಇಷ್ಟು ಸುಲಭಕ್ಕೆ ಬಗ್ಗುವವರಲ್ಲ. ಮುಂದೆ ಕೈ ಒಡ್ಡಿ, ಹಿಂದೆ ಹೋಗಿ ಬೂದಿ ಹಾಕಿ ತಿಕ್ಕಿ ತೊಳೆಯುತ್ತಾರೆ. ಎಷ್ಟೋ ಊರುಗಳಲ್ಲಿ ಹಾಗೆ ಮಾಡಿದ್ದನ್ನು ಕಂಡಿದ್ದೆ. ಎಂಟನೆಯ ದಿನ ತೋಳುಗಳನ್ನು ಪರೀಕ್ಷಿಸುವವರೆಗೆ ಅಲ್ಲೇ ಇರಬೇಕಿತ್ತು. ಊರ ಆಚೆ ಒಂದು ದಿಬ್ಬ, ಅದರ ಮೇಲೊಂದು ಜಾಲಿ ಮರ. ಅಲ್ಲಿ ಕೂತರೆ ಬಾವಿ ಚೆನ್ನಾಗಿ ಕಾಣುತ್ತಿತ್ತು. ಬೆಳಗಾದರೆ ಅಲ್ಲಿ ಹೋಗಿ ಕೂತು ಕಾಯುತ್ತಿದ್ದೆ. ಒಂದು ದಿನ ಒಬ್ಬಳು ಕೂತು ಬೂದಿ ಹಾಕಿ ಜೋರಾಗಿ ತಿಕ್ಕುತ್ತಿರುವುದು ಕಂಡಿತು. ಸಿಕ್ಕಿದರು ಎಂದು ದಿಬ್ಬ ಇಳಿದು ಓಡಿದೆ. ಪಂಚೆ ಜಾಲಿಮುಳ್ಳಿಗೆ ಸಿಕ್ಕಿ ಹರಿಯಿತು. ಹತ್ತಿರ ಹೋಗಿ ನೋಡಿದರೆ ಅವಳು ತಂಬಿಗೆ ಬೆಳಗುತ್ತಿದ್ದಳು. ನನ್ನ ಹರಿದ ಪಂಚೆ ನೋಡಿ, “ಸೂಜಿ ದಾರ ಕೊಡ್ಲೇನ್ರೀ?” ಎಂದು ಕೇಳಿದಳು.

ಅವರು ಕೊಟ್ಟ ಊಟವನ್ನು ನೇರವಾಗಿ ಬಾಯಿಗಿಡಲಿಲ್ಲ. ಗುರುಶಾಂತಪ್ಪನ ಮನೆಯಿಂದ ದಿನವೂ ರೊಟ್ಟಿ ಬರುತ್ತಿತ್ತು. ಮೊದಲ ತುಂಡನ್ನು ಒಂದು ಕುಂಟು ನಾಯಿಗೆ ಹಾಕಿ ನೋಡುತ್ತಿದ್ದೆ. ಅದು ಸಾಯಲಿಲ್ಲ, ನಾಲ್ಕು ದಿನದಲ್ಲಿ ಮೈ ತುಂಬಿಕೊಂಡಿತು. ಗೌರಜ್ಜಿ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಕೋಲೂರಿಕೊಂಡು ದಿಬ್ಬ ಹತ್ತಿ ಬಂದು ನನ್ನ ಪಕ್ಕ ಕುಕ್ಕರಿಸಿದಳು. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದುಬಿಟ್ಟಿತು.

“ಅಜ್ಜಿ, ಇಂಥ ಊರನ್ನ ನಿಮ್ಮಮ್ಮ ಯಾಕೆ ಕಾಪಾಡಬೇಕು? ಸುಳ್ಳು ಅರ್ಜಿಗೆ ಹೆಬ್ಬೆಟ್ಟು ಒತ್ತಿದ ಊರು. ಅಮ್ಮ ಬಂದರೂ ಎರಡು ಮನೆಗೇ ನಿಂತಳು. ಇದು ನ್ಯಾಯವೇ?”

“ಹೆಬ್ಬೆಟ್ಟು ನಾನೂ ಒತ್ತೀನಿ ಮಗಾ. ಏನು ಬರ್ದೈತೆ ಅಂತ ಕೇಳಿರ್ಲಿಲ್ಲ. ಕೇಳಿದ್ರೂ ಒತ್ತುತಿದ್ದೆ, ಅವತ್ತು ನಿನ್ನ ಮೇಲೆ ಅಷ್ಟು ಸಿಟ್ಟಿತ್ತು.” ಅವಳು ಎಲೆಯಡಿಕೆ ಚೀಲ ಬಿಚ್ಚಿದಳು. “ಒಳ್ಳೇರು ಯಾರ್ಯಾರು ಅಂತ ಆರಿಸಿ ಕಾಪಾಡಾಕೆ ಹೋದ್ರೆ, ಅವಳ ಮುಂದೆ ದೀಪ ಹಚ್ಚಾಕೂ ಇಲ್ಲಿ ಒಬ್ರೂ ಉಳಿಯಂಗಿಲ್ಲ. ಅದು ಅವಳಿಗೆ ಗೊತ್ತೈತೆ. ನಿನಗೇ ಗೊತ್ತಿಲ್ಲ.”

ನನಗೆ ಸಿಟ್ಟು ಬಂತು. ದೇವಿಯ ಮೇಲೆಯೇ ಬಂತು. ಎರಡು ವರ್ಷ ಮಂಗಳವಾರ ಶುಕ್ರವಾರ ತಪ್ಪದೆ ಕೈ ಮುಗಿದವನು ನಾನು. ಅವಳು ಬಂದು ಪಕ್ಷ ವಹಿಸಿದ್ದು ಇವರದ್ದು. ದೇವರ ಗೂಡಿಗೆ ಅಜ್ಜಿ ಬೀಗ ಹಾಕುತ್ತಿದ್ದದ್ದರಲ್ಲಿ ತಪ್ಪೇನೂ ಇಲ್ಲ ಅನ್ನಿಸಿತು.

ಎಂಟನೆಯ ದಿನ ತೋಳುಗಳನ್ನು ನೋಡಿದೆ. ಒಂದೊಂದೂ ಎದ್ದಿತ್ತು, ಪುಸ್ತಕದಲ್ಲಿ ಚಿತ್ರ ಬರೆದ ಹಾಗೆ. ತೊಳೆದುಕೊಂಡ ಒಂದೇ ಒಂದು ತೋಳು ಸಿಕ್ಕಲಿ ಎಂದು ಹುಡುಕಿದೆ. ಸಿಕ್ಕಲಿಲ್ಲ. ಸಾಲಿನಲ್ಲಿ ಗುರುಶಾಂತಪ್ಪ ಮಾತ್ರ ಇರಲಿಲ್ಲ. ಅವನ ಮನೆಗೇ ಹೋದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು.

ನೀಲಿ ಬೇವಿನ ಎಲೆಯ ಮೇಲೆ ಮಲಗಿದ್ದಳು. ಹಿಂದಿನ ದಿನ ಜ್ವರ ಬಂದಿತ್ತು, ಹಣೆಯ ಮೇಲೆ ಕೆಂಪು ಚುಕ್ಕಿಗಳು ಏಳುತ್ತಿದ್ದವು. ತೋಳಿನಲ್ಲಿ ನಾನು ಹಾಕಿದ ದೇವಿಯೂ ಎದ್ದಿತ್ತು. ಎರಡೂ ಒಟ್ಟಿಗೆ.

“ಹಾಕಿಸಿದ್ರೂ ಬಂತಲ್ರೀ,” ಎಂದ ಗುರುಶಾಂತಪ್ಪ. ದೂರುವ ದನಿಯಲ್ಲ, ಅರ್ಥವಾಗದವನ ದನಿ.

“ಅಮ್ಮ ಬಂದ ಮನೆಗೆ ಯಾವಾಗ ಹೋಗಿತ್ತು ಮಗು?”

ಅವನು ಯೋಚಿಸಿದ. “ಆಚೆ ಮನೆ ಕೂಸಿನ ತೊಟ್ಟಿಲು ತೂಗಾಕೆ ಹೋಗಿದ್ಲು. ನೀವು ಬರೋಕೆ ಮುಂಚಿನ ಸೋಮವಾರ. ಅದೊಂದೇ ದಿನ. ಮೊದಲ್ನೇ ಮನೆಗೆ ಅಮ್ಮ ಬಂದು ವಾರದ ಮೇಲಾಗಿತ್ತು, ಆ ಕೂಸಿಗೂ ಅಮ್ಮ ಅಂತ ಅವತ್ತೇ ಗೊತ್ತಾಯ್ತು. ಆಮೇಲೆ ಬಿಟ್ಟೇ ಇಲ್ಲ.”

ನಮಗೆ ಕಲಿಸುವಾಗ ಹೇಳಿದ್ದರು. ಸೋಂಕು ತಗಲಿದ ಎರಡು ಮೂರು ದಿನದೊಳಗೆ ಹಾಕಿದರೆ ಬಹುಮಟ್ಟಿಗೆ ತಪ್ಪುತ್ತದೆ, ತಡವಾದರೆ ತಡೆಯುವುದು ಕಷ್ಟ. ಸೋಮವಾರ ತಗಲಿದೆ. ಮಂಗಳವಾರ ಹೊರಟವನು ಎಲ್ಲೂ ತಂಗದೆ ಬಂದಿದ್ದರೆ ಬುಧವಾರ ಸಂಜೆಗೆ ಇಲ್ಲಿರುತ್ತಿದ್ದೆ. ಹಾಕಿದ್ದು ಭಾನುವಾರ. ನಡುವೆ ಹೊನ್ನಾಳಿ, ಗಂಜಿ, ಮೆಣಸಿನ ಕಷಾಯ.

ಇದು ಆ ಊರಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಹೇಳದೆ ಇದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಬಾಗಿಲವರೆಗೆ ಬಂದೆ, ಚಪ್ಪಲಿಯನ್ನೂ ಮೆಟ್ಟಿದೆ. ಅಷ್ಟರಲ್ಲಿ ಒಳಗೆ ಮಗು ನೀರು ಕೇಳಿತು. ಅವನು, “ಬಂದೆ ನನ್ನವ್ವಾ,” ಎಂದ. ಆ ದನಿ ಕೇಳಿ ಚಪ್ಪಲಿ ಬಿಟ್ಟೆ. ತಿರುಗಿ ಒಳಗೆ ಹೋಗಿ ಹೇಳಿದೆ. ಬಸ್ಸು ಬಂದದ್ದು, ಹತ್ತದೆ ನಿಂತದ್ದು, ಬಾರದ ಜ್ವರ. ನ್ಯಾಮತಿಯ ಗುಡಿಯಲ್ಲಿ ನಾನು ಬೇಡುತ್ತಿದ್ದದ್ದನ್ನೂ ಬಿಡಲಿಲ್ಲ.

ಅವನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. ಕತ್ತಿನ ನರಗಳು ಎದ್ದವು. ಈಗ ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಮಗುವಿಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡಿದ.

“ಅಮ್ಮ ಮನೆಯಾಗೆ ಅದಾಳೆ. ಅವಳಿರೋ ತನಕ ಈ ಮನೇಲಿ ಯಾರೂ ಯಾರಿಗೂ ಕೆಟ್ಟ ಮಾತು ಆಡಂಗಿಲ್ಲ. ಸಿಟ್ಟು ಮಾಡಂಗಿಲ್ಲ. ಅವಳು ಇಳೀಲಿ. ಆಮೇಲೆ ನಿಮ್ಮ ಹತ್ರ ಮಾತಾಡ್ತೀನಿ.”

ಹದಿನೈದು ದಿನಕ್ಕೂ ಹೆಚ್ಚು ಕಾಲ ನಾನು ಆ ಮಾತಿಗೆ ಕಾದೆ. ಅಲ್ಲಿಯೇ ಉಳಿಯಬೇಕಾಗಿದೆ ಎಂದು ಮೇಲಿನವರಿಗೆ ಕಾರ್ಡು ಹಾಕಿದೆ. ದಿನವೂ ಬೆಳಿಗ್ಗೆ ಹೋಗಿ ಮಗುವನ್ನು ನೋಡುತ್ತಿದ್ದೆ. ಗುರುಶಾಂತಪ್ಪ ನನಗೆ ಮಣೆ ಹಾಕುತ್ತಿದ್ದ, ಮಜ್ಜಿಗೆ ಕೊಡುತ್ತಿದ್ದ, “ಬರ್ರಿ, ಕೂತ್ಕಳ್ರಿ,” ಎನ್ನುತ್ತಿದ್ದ. ಆ ಮರ್ಯಾದೆಗೆ ಹೆದರಿದಷ್ಟು ನಾನು ಇನ್ಯಾವುದಕ್ಕೂ ಹೆದರಿಲ್ಲ. ಒಳಗೊಳಗೇ ಇನ್ನೊಂದು ಅರ್ಜಿ ಬರೆಯುತ್ತಿದ್ದಾನೆ, ಈ ಸಲದ ಅರ್ಜಿಯಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ, ನನ್ನ ಕಥೆ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಅಂಗಡಿ ಕಡೆ ಕಾಗದ ಸರಪರ ಎಂದರೂ ಎದೆ ಹಾರುತ್ತಿತ್ತು. ಒಂದು ದಿನ ಇಣುಕಿಯೂ ನೋಡಿದೆ. ಬೆಲ್ಲ ಕಟ್ಟುತ್ತಿದ್ದ.

ನಡುವಿನ ಎರಡು ದಿನ ಮಗು ಕಣ್ಣೇ ಬಿಡಲಿಲ್ಲ. ಆಗ ನಾನು ಬೇವಿನ ಮರದ ಕೆಳಗೆ ನಿಂತೆ. ಏನು ಕೇಳಿಕೊಂಡೆನೆಂದು ಹೇಳುವುದಿಲ್ಲ. ನಾಲಿಗೆ ಹೊರಳದೆ ಕಷ್ಟವಾಯಿತು ಎಂದಷ್ಟೇ ಹೇಳಬಲ್ಲೆ. ಎರಡು ವರ್ಷದಿಂದ ಬೇರೆಯದನ್ನೇ ಕೇಳಿ ರೂಢಿಯಾಗಿತ್ತು. ಮೂರನೆಯ ದಿನ ನೀಲಿ ಕಣ್ಣು ಬಿಟ್ಟು ಬೆಲ್ಲ ಕೇಳಿದಳು. ಹುಣ್ಣುಗಳು ಒಣಗಿದವು, ಉದುರಿದವು. ಮುಖದ ಮೇಲೆ ಕಲೆಗಳು ನಿಂತವು. ಕಣ್ಣಿಗೇನೂ ಆಗಿರಲಿಲ್ಲ. ಒಂದು ಮಂಗಳವಾರ ಗೌರಜ್ಜಿ ಬೇವಿನ ನೀರು ಕಾಯಿಸಿ ಮಗುವಿಗೆ ತಲೆಯ ಮೇಲೆ ಹಾಕಿದಳು. ಬಾಗಿಲಿನ ಸೊಪ್ಪು ಬಿಚ್ಚಿದರು. ಅಮ್ಮನನ್ನು ಊರ ಗಡಿಯವರೆಗೆ ಕಳಿಸಿ ಬಂದರು.

ಗಡಿಯಿಂದ ತಿರುಗಿ ಬಂದವನೇ ಗುರುಶಾಂತಪ್ಪ ನೇರವಾಗಿ ನನ್ನ ಮುಂದೆ ಬಂದು ನಿಂತ. ಬಾಯಿ ತೆರೆದ. ಅಂಥ ಬೈಗುಳವನ್ನು ನಾನು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ನನ್ನ ನೌಕರಿಯಿಂದ ಹಿಡಿದು ಖಾಕಿ ಚೀಲದವರೆಗೆ, ನನ್ನನ್ನು ಹೆತ್ತ ಗಳಿಗೆಯಿಂದ ಹಿಡಿದು ಹೊನ್ನಾಳಿಯ ಬಸ್ಸಿನವರೆಗೆ ಒಂದನ್ನೂ ಬಿಡಲಿಲ್ಲ. “ಕೂಸು ನಿಮಗೇನು ಮಾಡಿತ್ರೀ? ಕೂಸು ನಿಮಗೇನು ಮಾಡಿತ್ತು?” ಎಂದು ಅದನ್ನೊಂದನ್ನು ಮಾತ್ರ ಮತ್ತೆ ಮತ್ತೆ ಕೇಳಿದ. ಊರು ಸೇರಿತು. ನಾನು ತಲೆ ಎತ್ತಲಿಲ್ಲ. ದನಿ ಒಡೆದು, ಉಸಿರು ಕಟ್ಟಿ, ಕೊನೆಗೆ ಅವನು ಜಗುಲಿಯ ಮೇಲೆ ಕೂತ. ತಂಬಿಗೆ ಎತ್ತಿ ನೀರು ಕುಡಿದ.

“ನನ್ನದು ಆಯ್ತು,” ಎಂದ. “ಈಗ ನೀವು.”

“ನಾನೇನು?”

“ನಾ ಬರೆದ ಅರ್ಜಿ ಐತಲ್ಲ. ನಿಮ್ಮ ಸಂಬಂಧ ಮುರೀತಂತೆ, ಕೇಳೀನಿ. ಬೈಯ್ರಿ.”

ಎರಡು ವರ್ಷ ದಿನವೂ ಸ್ನಾನ ಮಾಡುವಾಗ ಅಭ್ಯಾಸ ಮಾಡಿದ ಭಾಷಣ ನನ್ನ ಬಳಿ ಇತ್ತು. ಶುರು ಮಾಡಿದೆ. ನಾಲ್ಕು ಮಾತಿಗೇ ಭಾಷಣ ಮರೆತುಹೋಯಿತು. ಸಂತೇಬೆನ್ನೂರಿನ ಹುಡುಗಿ ಮುಖ ಎತ್ತಿ ನೋಡಿದ್ದು, ನಮ್ಮಪ್ಪ ನನ್ನನ್ನು ನೋಡಿದ ನೋಟ, ಎಲ್ಲ ಕೂಗಿ ಹೇಳಿದೆ. ಕೂಗುತ್ತ ಅತ್ತೆ. ಅರ್ಜಿಯನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ, ನಾನು ಕೇಳಲೂ ಇಲ್ಲ. ಅದು ಇಷ್ಟು ಹೊತ್ತಿಗೆ ಯಾವುದೋ ಕಚೇರಿಯ ಕಪಾಟಿನಲ್ಲಿ ಗೆದ್ದಲಿಗೆ ಆಹಾರವಾಗಿ ಮುಗಿದಿರಬೇಕು.

“ಇಷ್ಟನ್ನೆಲ್ಲ ಹೊಟ್ಟೇಲಿಟ್ಕಂಡು ಇಬ್ರೂ ಹೆಂಗ್ರಪ್ಪಾ ಇದ್ರಿ?” ಎಂದಳು ಗೌರಜ್ಜಿ. ಜನ ಚದುರಿದರು. ನಾನು ಮುಖ ಒರೆಸಿಕೊಂಡು ಚೀಲ ಎತ್ತಿಕೊಂಡೆ. ಹೊತ್ತು ಮುಳುಗುವ ಮುಂಚೆ ಗುಡ್ಡ ದಾಟಬೇಕಿತ್ತು.

ಆಗ ನೀಲಿ ಹೊಸ್ತಿಲಿಗೆ ಬಂದಳು. ಎಷ್ಟೋ ದಿನಗಳ ಮೇಲೆ ಹೊರಗಿನ ಬಿಸಿಲಿಗೆ ಬಂದ ಮಗು, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ತೋಳು ನೋಯಿಸಿದವನು ಎಂಬ ಗುರುತು ಹತ್ತಿತೋ ಏನೋ, ಬಾಗಿಲ ಚೌಕಟ್ಟಿನ ಹಿಂದಕ್ಕೆ ಅರ್ಧ ಸರಿದಳು.

“ಅಜ್ಜಾ, ಇವ್ರು ಯಾಕೆ ಇನ್ನೂ ಅವ್ರ ಊರಿಗೆ ಹೋಗಿಲ್ಲ?”

ಗುರುಶಾಂತಪ್ಪನ ದನಿ ಬೈದು ಬೈದು ಇನ್ನೂ ಒಡೆದೇ ಇತ್ತು. “ಇದೂ ಅವ್ರ ಊರೇ ಕಣವ್ವಾ,” ಎಂದ.

ನಾನು ಥಟ್ಟನೆ ತಿರುಗಿ ಅವನ ಮುಖ ನೋಡಿದೆ, ಈ ಮಾತಿನ ಹಿಂದೆ ಬೇರೇನಾದರೂ ಇದೆಯೇ ಎಂದು. ಬಹಳ ಹೊತ್ತು ನೋಡಿದೆ. ಏನೂ ಇರಲಿಲ್ಲ.